ಎವರ್ಟನ್ ಉಳಿದ ಸೀಸನ್ನಿಗೆ ನಾನು ಲೆಕ್ಕ ಇಟ್ಟಿದ್ದು ಹೀಗೆ

40 ಪಾಯಿಂಟ್ ಆದರೆ ಬಚಾವ್ ಅನ್ನೋ ಮಾತನ್ನ ಮೊದಲು ಬಿಟ್ಟುಬಿಡಿ. ಇಂಗ್ಲೆಂಡಿನ ಫುಟ್‌ಬಾಲ್‌ನ ಮೇಲಿನ ಡಿವಿಷನ್ ಪ್ರೀಮಿಯರ್ ಲೀಗ್ ನೋಡೋರೆಲ್ಲ ಇದನ್ನೇ ಹೇಳುತ್ತಾರೆ. ಆದರೆ 2002-03ರಲ್ಲಿ ವೆಸ್ಟ್ ಹ್ಯಾಮ್ 42 ಪಾಯಿಂಟ್ ಗಳಿಸಿಯೂ ಕೆಳಗಿಳಿಯಿತು. 2004-05ರಲ್ಲಿ ವೆಸ್ಟ್ ಬ್ರೋಮ್ ಬರೀ 34ಕ್ಕೆ ಉಳಿದುಕೊಂಡಿತು. 20 ಟೀಮಿನಲ್ಲಿ ಕೊನೆಯ ಮೂರು ಕೆಳಗಿನ ಡಿವಿಷನ್ನಿಗೆ ಇಳಿಯುತ್ತವೆ. ಅಂದರೆ 18ನೇ ಜಾಗದಲ್ಲಿರೋ ಟೀಮಿಗಿಂತ ಕೂದಲೆಳೆಯಷ್ಟು ಮೇಲಿದ್ದರೆ ಸಾಕು. ನಮ್ಮವರು ಎಷ್ಟು ಗಳಿಸಿದರು ಅನ್ನೋದು ಅರ್ಧ ಲೆಕ್ಕ ಅಷ್ಟೇ, ಉಳಿದರ್ಧ ಬೇರೆಯವರ ಪುಟದಲ್ಲಿರುತ್ತೆ.

ನಾನು ದಾವಣಗೆರೆ ಎಪಿಎಂಸಿಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯೋನು. ಎವರ್ಟನ್ ಫ್ಯಾನ್. ಯಾಕೆ ಅಂತ ಕೇಳಬೇಡಿ, ನನಗೂ ಸರಿಯಾಗಿ ಗೊತ್ತಿಲ್ಲ. ಗೆಳೆಯರೆಲ್ಲ ಮ್ಯಾಂಚೆಸ್ಟರ್ ಕಡೆಯವರು. "ನಮ್ಮೂರಿಗೇ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರಪಾ, ನೀನು ಹೋಗಿ ಹೋಗಿ ಲಿವರ್‌ಪೂಲಿನ ಎರಡನೇ ಟೀಮ್ ಹಿಡ್ಕೊಂಡಿದ್ದೀಯಲ್ಲ" ಅಂತ ಕಾಲೆಳೆಯುತ್ತಾರೆ. ಕಾಟನ್ ಮಿಲ್ಲುಗಳು ಮುಚ್ಚಿ ಎಷ್ಟೋ ಕಾಲ ಆಯಿತು, ಆ ಹೆಸರು ಮಾತ್ರ ಹೋಗಿಲ್ಲ. ಎವರ್ಟನ್ನೂ ಹಾಗೇ ಹಳೇ ಹೆಸರಿನ ಮೇಲೆ ನಿಂತಿರೋ ಕ್ಲಬ್. 1954ರಿಂದ ಒಂದು ಸಲವೂ ಮೇಲಿನ ಡಿವಿಷನ್ ಬಿಟ್ಟು ಇಳಿದಿಲ್ಲ. 2022-23ರಲ್ಲಿ ಇಳಿಯೋದು ಬಹುತೇಕ ಖಾತ್ರಿ ಅನ್ನೋ ಹಾಗಿತ್ತು. ಜನವರಿ ಕೊನೆಗೆ ಕೋಚ್ ಫ್ರಾಂಕ್ ಲ್ಯಾಂಪಾರ್ಡ್ ಅವರನ್ನು ತೆಗೆದರು, ಶಾನ್ ಡೈಚ್ ಬಂದರು. ಆಂಥೋನಿ ಗಾರ್ಡನ್ ಅವರನ್ನು ನ್ಯೂಕ್ಯಾಸಲ್‌ಗೆ ಮಾರಿದರು, ಬದಲಿಗೆ ಒಬ್ಬ ಆಟಗಾರನೂ ಬರಲಿಲ್ಲ. 20 ಪಂದ್ಯಕ್ಕೆ 15 ಪಾಯಿಂಟ್.

ಆಗ ಶುರು ಮಾಡಿದ್ದು ಈ ಪುಸ್ತಕ. ದಪ್ಪ ರಟ್ಟಿನ ಉದ್ದ ಲೆಕ್ಕದ ಪುಸ್ತಕ, ನಮ್ಮಲ್ಲಿ ಅದಕ್ಕೇನೂ ಬರ ಇಲ್ಲ. ಎಡಗಡೆ ಪುಟ ಎವರ್ಟನ್ನಿಗೆ. ಬಲಗಡೆ ಪುಟ ಇಳಿಯೋ ಭಯ ಇರೋ ಉಳಿದವರಿಗೆ. ಕಾಲಂ ಜಾಸ್ತಿ ಬೇಡ: ಆಡಿದ ಪಂದ್ಯ, ಪಾಯಿಂಟು, ಗೋಲ್ ಅಂತರ (ಹೊಡೆದ ಗೋಲಿನಲ್ಲಿ ಹೊಡೆಸಿಕೊಂಡಿದ್ದನ್ನ ಕಳೆದರೆ ಬರೋದು), ಉಳಿದ ಪಂದ್ಯ ಯಾರ ಮೇಲೆ, ಎಲ್ಲಿ. ಮಂಡಿಯಲ್ಲಿ ಕೈಗೆ ಬಂದ ದುಡ್ಡನ್ನ ಪೆನ್ನಿನಲ್ಲಿ ಬರೆಯುತ್ತೀವಿ, ಬರಬೇಕಾದ ಬಾಕಿಯನ್ನ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತೀವಿ. ಇಲ್ಲೂ ಅದೇ. ಗಳಿಸಿದ ಪಾಯಿಂಟ್ ಪೆನ್ನು, ಬರಬಹುದಾದ್ದು ಪೆನ್ಸಿಲ್. ಎದುರಾಳಿ ಯಾರು, ಊರು ಯಾವುದು ನೋಡಿ ಪ್ರತಿ ಪಂದ್ಯಕ್ಕೂ ಗೆಲುವಾದರೆ 3, ಡ್ರಾ ಆದರೆ 1, ಸೋಲಾದರೆ 0 ಹಾಕೋದು. ಬಲಗಡೆ ಪುಟದವರಿಗೆ ಸ್ವಲ್ಪ ಧಾರಾಳವಾಗಿ, ನಮಗೆ ಜಿಪುಣತನದಲ್ಲಿ. ಪ್ರೀತಿ ಇರೋ ಕಡೆ ಪೆನ್ಸಿಲ್ ತಾನಾಗೇ 3 ಬರೆಯುತ್ತೆ, ಅದಕ್ಕೆ ಈ ನಿಯಮ.

25 ಪಂದ್ಯ ಆಗೋವರೆಗೂ ಪೆನ್ಸಿಲ್ ಕೆಲಸ ಸುಮ್ನೆ ಟೈಂಪಾಸ್, ಬರೆದರೂ ಪ್ರಯೋಜನ ಇಲ್ಲ. ಫೆಬ್ರವರಿ 4ಕ್ಕೆ ಡೈಚ್ ಅವರ ಮೊದಲ ಪಂದ್ಯದಲ್ಲೇ, ಟೇಬಲ್ ಟಾಪಲ್ಲಿದ್ದ ಆರ್ಸೆನಲ್ ಮೇಲೆ 1-0 ಗೆದ್ದರು. ಕಾರ್ನರ್ ಬಂತು, ಟಾರ್ಕೋವ್ಸ್ಕಿ ಹೆಡ್ ಮಾಡಿದರು, ಗೋಲ್. ಆ ಪಂದ್ಯಕ್ಕೆ ಯಾವ ಪೆನ್ಸಿಲ್ಲೂ 3 ಹಾಕುತ್ತಿರಲಿಲ್ಲ.

ನಿಜವಾದ ಲೆಕ್ಕ ಶುರುವಾಗಿದ್ದು ಮೇ 1ಕ್ಕೆ, ಲೆಸ್ಟರ್ ಊರಲ್ಲಿ ನಡೆದ ಪಂದ್ಯದಿಂದ. ಅಲ್ಲಿ ಸೋಮವಾರ ಸಂಜೆ, ನಮಗೆ ಮಧ್ಯರಾತ್ರಿ ಹನ್ನೆರಡೂವರೆ. ಊರಲ್ಲೆಲ್ಲ ಎಲೆಕ್ಷನ್ ಗಲಾಟೆ, ಸೆಕೆ ಬೇರೆ, ಫ್ಯಾನ್ ಬಿಸಿಗಾಳಿ ಬೀಸ್ತಾ ಇತ್ತು. ಎರಡೂ ಟೀಮಿಗೆ ಕುತ್ತಿಗೆಗೆ ಬಂದಿತ್ತು. ಲೆಸ್ಟರ್ 2-1 ಮುಂದೆ, ಹಾಫ್ ಟೈಮಿಗೆ ಸ್ವಲ್ಪ ಮುಂಚೆ ಅವರಿಗೇ ಪೆನಾಲ್ಟಿ. ಹೊಡೆಯೋಕೆ ಬಂದಿದ್ದು ಜೇಮ್ಸ್ ಮ್ಯಾಡಿಸನ್. ಎವರ್ಟನ್ ಗೋಲ್‌ಕೀಪರ್ ಜೋರ್ಡಾನ್ ಪಿಕ್‌ಫರ್ಡ್ ತನ್ನ ನೀರಿನ ಬಾಟಲಿ ಮೇಲೆ ಯಾರು ಎಲ್ಲಿಗೆ ಹೊಡೀತಾರೆ ಅಂತ ಚೀಟಿ ಅಂಟಿಸಿಕೊಂಡು ಬರೋ ಮನುಷ್ಯ. ಸಾಮಾನ್ಯವಾಗಿ ಗೋಲ್‌ಕೀಪರ್‌ಗಳು ಒಂದು ಕಡೆ ಹಾರಿಬಿಡುತ್ತಾರೆ. ಈ ಸಲ ಪಿಕ್‌ಫರ್ಡ್ ಹಾರಲೇ ಇಲ್ಲ, ಮಧ್ಯದಲ್ಲೇ ನಿಂತರು. ಚೆಂಡು ನೇರ ಅವರ ಹತ್ತಿರಕ್ಕೇ ಬಂತು. 3-1 ಆಗಬೇಕಾಗಿದ್ದು ಆಗಲಿಲ್ಲ, ಎರಡನೇ ಅರ್ಧದಲ್ಲಿ ನಮ್ಮ ಇವೋಬಿ ಗೋಲ್ ಹೊಡೆದು 2-2 ಮಾಡಿದರು.

ಆ ರಾತ್ರಿ ಪೆನ್ನಿನಲ್ಲಿ ಬರೆದಿದ್ದು ಇಷ್ಟು: 34 ಪಂದ್ಯಕ್ಕೆ ಎವರ್ಟನ್ 29, ಲೆಸ್ಟರ್ 30, ಲೀಡ್ಸ್ 30. ಎವರ್ಟನ್ನಿಗೆ ಉಳಿದಿದ್ದು ನಾಲ್ಕು. ಬ್ರೈಟನ್ ಊರಲ್ಲಿ, ನಮ್ಮಲ್ಲಿ ಮ್ಯಾಂಚೆಸ್ಟರ್ ಸಿಟಿ, ವುಲ್ವ್ಸ್ ಊರಲ್ಲಿ, ಕೊನೆಗೆ ನಮ್ಮಲ್ಲಿ ಬೋರ್ನ್‌ಮತ್. ಪೆನ್ಸಿಲ್‌ನಲ್ಲಿ 0, 0, 1, 3. ಒಟ್ಟು 33. ಬ್ರೈಟನ್ ಆಗ ತಾನೇ ವುಲ್ವ್ಸ್‌ಗೆ 6-0 ಬಾರಿಸಿತ್ತು, ಜನವರಿಯಲ್ಲಿ ನಮ್ಮ ಮನೆಗೇ ಬಂದು 4-1 ಹೊಡೆದು ಹೋಗಿತ್ತು. ಅಲ್ಲಿಗೆ ಸೊನ್ನೆ ಬಿಟ್ಟು ಇನ್ನೇನು ಬರೆಯೋದು ಹೇಳಿ.

ಮೇ 8ಕ್ಕೆ ಆ ಸೊನ್ನೆ ಮಗುಚಿ ಬಿತ್ತು. ಪಂದ್ಯ ಶುರುವಾಗಿ 34 ಸೆಕೆಂಡಿಗೆ ನಮ್ಮ ಡೂಕೂರೆ ಗೋಲ್. ಮುಗಿಯೋ ಹೊತ್ತಿಗೆ ಎವರ್ಟನ್ 5, ಬ್ರೈಟನ್ 1. ಅದೇ ದಿನ ಲೆಸ್ಟರ್ ಫುಲ್ಹ್ಯಾಮ್ ಕೈಲಿ 5-3 ಸೋತಿತು. ಮರುದಿನ ಮಂಡಿಯಲ್ಲಿ ಸಾವ್ಕಾರ್ರು "ಏನಪಾ, ನಿನ್ ಟೀಮು ಎಷ್ಟಕ್ಕೆ ಬಿತ್ತು?" ಅಂತ ಕೇಳಿದರು. ರೂಢಿ ಮೇಲೆ ಕೇಳಿದ್ದು. "ಐದು ಹೊಡ್ದು ಗೆದ್ವು ಸಾವ್ಕಾರ್ರೇ" ಅಂದೆ. ನಂಬಲಿಲ್ಲ, ಫೋನ್ ತೆಗೆದು ತೋರಿಸಬೇಕಾಯಿತು.

ಆಮೇಲೆ ಸಿಟಿ ಮೇಲೆ 3-0 ಸೋತರು, ಅದು ಬರೆದಿದ್ದೇ. ಮೇ 20ಕ್ಕೆ ವುಲ್ವ್ಸ್ ಮೇಲೆ ಸೋಲ್ತಾ ಇದ್ದ ಪಂದ್ಯವನ್ನ ಯೆರಿ ಮಿನಾ 99ನೇ ನಿಮಿಷದಲ್ಲಿ 1-1 ಮಾಡಿದರು. ಎವರ್ಟನ್ ಉಳಿದ ಕಥೆ ಹೇಳೋರು ಇವತ್ತಿಗೂ ಮಿನಾ ಗೋಲಿನ ಹತ್ತಿರ ಬಂದಾಗ ದನಿ ಏರಿಸುತ್ತಾರೆ. ನನ್ನ ಪುಸ್ತಕ ಬೇರೆ ಹೇಳುತ್ತೆ. ಕೊನೆಗೆ ಎವರ್ಟನ್ 36, ಲೆಸ್ಟರ್ 34, ಲೀಡ್ಸ್ 31. ಮಿನಾ ಗೋಲ್ ಇಲ್ಲದಿದ್ದರೆ 35, ಆಗಲೂ ಲೆಸ್ಟರ್‌ಗಿಂತ ಮೇಲೆ. ಬ್ರೈಟನ್ ಗೆಲುವು ತೆಗೆಯಿರಿ: 33, ಇಳಿದಾಯಿತು. ಇನ್ನು ಲೆಸ್ಟರ್ ಪಂದ್ಯ. ಅದನ್ನ ಅವರು ಗೆದ್ದಿದ್ದರೆ ಅವರಿಗೆ ಎರಡು ಜಾಸ್ತಿ, ನಮಗೆ ಒಂದು ಕಮ್ಮಿ. ಲೆಸ್ಟರ್ 36, ಎವರ್ಟನ್ 35. ಬೇರೆಲ್ಲ ಹಾಗೇ ನಡೆದಿದ್ದರೂ ನಾವು ಕೆಳಗೆ. ಅದಕ್ಕೇ ನಾನು ಟೇಬಲ್‌ನಲ್ಲಿ ನಮ್ಮ ಪಕ್ಕದಲ್ಲಿರೋ ಟೀಮಿನ ಮೇಲಿನ ಪಂದ್ಯವನ್ನ ಎರಡೂ ಪುಟದಲ್ಲಿ ಬರೆದು, ನಡುವೆ ಕೆಂಪು ಗೆರೆ ಎಳೆಯೋದು. ಒಂದು ಸೇವ್ ಎರಡು ಪುಟ ಬದಲಾಯಿಸುತ್ತೆ. ಆ ಹೀರೋ ಪಿಕ್‌ಫರ್ಡ್, ಯಾರೇನೇ ಹೇಳಲಿ.

ಗೋಲ್ ಅಂತರದ ಕಾಲಂ ಬಗ್ಗೆ ಜನ ತಾತ್ಸಾರ ಮಾಡುತ್ತಾರೆ. ಕೊನೆಯ ದಿನಕ್ಕೆ ಮುಂಚೆ ಎವರ್ಟನ್ 33, ಅಂತರ ಮೈನಸ್ 24. ಲೆಸ್ಟರ್ 31, ಮೈನಸ್ 18. ನೋಡೋಕೆ ನಾವು ಎರಡು ಪಾಯಿಂಟ್ ಮುಂದೆ. ಆದರೆ ನಾವು ಡ್ರಾ ಮಾಡಿ ಅವರು ಗೆದ್ದರೆ ಇಬ್ಬರೂ 34, ಅಂತರದಲ್ಲಿ ಅವರೇ ಮೇಲೆ. ಹಂಗಾಗಿ ಆ ಎರಡು ಪಾಯಿಂಟನ್ನ ನಾನು ಒಂದೂವರೆ ಅಂತಲೇ ಓದೋದು.

ಮೇ 28, ಭಾನುವಾರ. ಕೊನೆಯ ದಿನ ಎಲ್ಲಾ ಪಂದ್ಯ ಒಟ್ಟಿಗೆ ಶುರುವಾಗುತ್ತವೆ, ಬೇರೆಯವರ ಫಲಿತಾಂಶ ನೋಡಿಕೊಂಡು ಯಾರೂ ಆಡಬಾರದು ಅಂತ. ನಮಗೆ ರಾತ್ರಿ 9. ಆದರೆ ಅವತ್ತೇ ಐಪಿಎಲ್ ಫೈನಲ್, ಚೆನ್ನೈ ಮತ್ತು ಗುಜರಾತ್. ಮನೆಯಲ್ಲಿ ಟಿವಿ ಕೇಳೋ ಹಾಗೇ ಇಲ್ಲ. ಅಹಮದಾಬಾದಿನಲ್ಲಿ ಮಳೆ ಹಿಡಿದುಕೊಂಡಿತ್ತು, ಒಂದು ಬಾಲ್ ಆಗಿರಲಿಲ್ಲ. ಆದರೂ ತಮ್ಮ "ಈಗ ನಿಲ್ಲುತ್ತೆ ಇರಣ್ಣ, ಈಗ ನಿಲ್ಲುತ್ತೆ" ಅಂತ ಖಾರ ಮಂಡಕ್ಕಿ ತಿಂತಾ ನೆನೆದ ಪಿಚ್ಚಿನ ಹೊದಿಕೆ ನೋಡ್ತಾ ಕೂತಿದ್ದ. ರಿಮೋಟ್ ಮಾತ್ರ ಬಿಡಲಿಲ್ಲ. ನಾನು ಮೊಬೈಲ್ ಹಿಡಿದು ಮೂಲೆ ಸೇರಿದೆ.

ಇಂಥ ದಿನಕ್ಕೆ ಒಂದು ಬುದ್ಧಿಮಾತು: ಸ್ಕೋರ್ ಆ್ಯಪಿನ ನೋಟಿಫಿಕೇಶನ್ ಆಫ್ ಮಾಡಿ. ಮೊಬೈಲಿನಲ್ಲಿ ಬರೋ ಲೈವ್ ಹಿಂದಿರುತ್ತೆ, ಆ್ಯಪ್ ಮೊದಲೇ ಟಿಣ್ ಅಂದು ಎಲ್ಲಾ ಹಾಳು ಮಾಡುತ್ತೆ. ಬೇರೆ ಪಂದ್ಯದ ಸ್ಕೋರನ್ನ ನಾನೇ ತೆಗೆದು ನೋಡುತ್ತೀನಿ, ಚೆಂಡು ಹೊರಗೆ ಹೋದಾಗ ಮಾತ್ರ.

34ನೇ ನಿಮಿಷಕ್ಕೆ ಲೆಸ್ಟರ್‌ನವರು ವೆಸ್ಟ್ ಹ್ಯಾಮ್ ಮೇಲೆ ಗೋಲ್ ಹೊಡೆದರು. ನಮ್ಮದು 0-0. ಆ ಗಳಿಗೆಯಲ್ಲಿ ಎವರ್ಟನ್ 18ನೇ ಜಾಗ. ಎವರ್ಟನ್ನಿಗೆ ಫಿಟ್ ಆಗಿರೋ ಸ್ಟ್ರೈಕರೇ ಇರಲಿಲ್ಲ, ವಿಂಗರ್ ಡೆಮರೈ ಗ್ರೇ ಮುಂದೆ ನಿಂತಿದ್ದರು. 57ನೇ ನಿಮಿಷಕ್ಕೆ ಬಾಕ್ಸಿನ ಅಂಚಿಗೆ ಚೆಂಡು ಸಿಡಿದು ಬಂತು, ಡೂಕೂರೆ ಅದನ್ನ ನೆಲಕ್ಕೆ ಬಿಡದೆ ಬಾರಿಸಿದರು. 1-0. ನಾನು ಕೂಗಿದ್ದಕ್ಕೆ ತಮ್ಮ ಟಾಸ್ ಆಯ್ತು ಅಂದ್ಕೊಂಡ. ಆಮೇಲೆ ಆಟ ನಿಂತು ಹಾಳಾದ ಹೊತ್ತಿಗೆ ಅಂತ ಕೊನೆಗೆ ಹತ್ತು ನಿಮಿಷ ಸೇರಿಸಿದರು, ಅದರಲ್ಲೂ ಪಿಕ್‌ಫರ್ಡ್ ಒಂದು ಸೇವ್. ಲೆಸ್ಟರ್ 2-1 ಗೆದ್ದೂ ಇಳಿಯಿತು. 2016ರಲ್ಲಿ ಚಾಂಪಿಯನ್ ಆಗಿದ್ದ ಟೀಮು ಅದು, ಪಾಪ. ಐಪಿಎಲ್ ಫೈನಲ್ಲು ಮರುದಿನಕ್ಕೆ ಹೋಯಿತು.

ಈ ಪದ್ಧತಿಗೆ ಒಂದು ಕಾಲಂ ಕಮ್ಮಿ ಇತ್ತು ಅಂತ ಗೊತ್ತಾಗಿದ್ದು ಮುಂದಿನ ಸೀಸನ್‌ನಲ್ಲಿ. ಕ್ಲಬ್ ನಷ್ಟದ ಮಿತಿ ಮೀರಿದ್ದಕ್ಕೆ 2023ರ ನವೆಂಬರ್‌ನಲ್ಲಿ ಲೀಗ್ ನೇಮಿಸಿದ ಸ್ವತಂತ್ರ ಆಯೋಗ ಎವರ್ಟನ್ನಿನ 10 ಪಾಯಿಂಟ್ ಕಿತ್ತುಕೊಂಡಿತು. ಪೆನ್ನಿನಲ್ಲಿ ಬರೆದಿದ್ದನ್ನ ಹೊಡೆದು ಹಾಕೋದು ಹೇಗೆ? "ದಂಡ" ಅಂತ ಹೊಸ ಕಾಲಂ ಎಳೆದೆ, ಅಪೀಲು ಇದ್ದಿದ್ದರಿಂದ ಪೆನ್ಸಿಲ್‌ನಲ್ಲೇ ಬರೆದೆ. ಫೆಬ್ರವರಿಯಲ್ಲಿ ಅಪೀಲಿನಲ್ಲಿ 10 ಹೋಗಿ 6 ಆಯಿತು. ಏಪ್ರಿಲ್‌ನಲ್ಲಿ ಮತ್ತೆ 2 ಕಳೆದರು. ಅದೇ ಸೀಸನ್ ನಾಟಿಂಗ್‌ಹ್ಯಾಮ್ ಫಾರೆಸ್ಟಿಗೂ 4 ಹೋಯಿತು, ಅಂದರೆ ಬಲಗಡೆ ಪುಟದಲ್ಲೂ ಅದೇ ಗೋಳು. ಆಡಿ ಗಳಿಸಿದ್ದು 48, ದಂಡ 8, ಆದರೂ ಎವರ್ಟನ್ 15ನೇ ಸ್ಥಾನದಲ್ಲಿ ನಿಂತಿತು. ಆ ದಂಡದ ಕಾಲಂ ಇರೋ ಪುಟ ಮಾತ್ರ ಹೊಸದಾಗಿ ಬರೀಬೇಕಾಯಿತು, ರಬ್ಬರ್ ಉಜ್ಜಿ ಉಜ್ಜಿ ತೂತು ಬಿದ್ದಿತ್ತು.