ಆರು ಜನರ ಕ್ಲಾಸು, ಒಂದೇ ಸೋಡಿಯಂ ಲ್ಯಾಂಪು

ನಾನು ಬಿಎಸ್ಸಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಮಾಡಿದ್ದು ಚಿತ್ರದುರ್ಗ ಜಿಲ್ಲೆಯ ಒಂದು ತಾಲೂಕು ಕಾಲೇಜಲ್ಲಿ. ಮೊದಲ ವರ್ಷ ಇಪ್ಪತ್ತು ಚಿಲ್ರೆ ಜನ ಇದ್ವಿ, ಸೆಕೆಂಡ್ ಇಯರ್ ಹೊತ್ತಿಗೆ ಆರೇ ಜನ ಉಳ್ಕೊಂಡ್ವಿ. ಹತ್ತನೇ ಕ್ಲಾಸ್ ತನಕ ನಂದು ಕನ್ನಡ ಮೀಡಿಯಂ, "ವಕ್ರತಾ ತ್ರಿಜ್ಯ" ಅಂದ್ರೆ ಥಟ್ ಅಂತ ಗೊತ್ತಾಗ್ತಿತ್ತು, ರೇಡಿಯಸ್ ಆಫ್ ಕರ್ವೇಚರ್ ಅಂದ್ರೆ ಅರ್ಧ ನಿಮಿಷ ಬೇಕಿತ್ತು. ಎರಡೂ ಒಂದೇ, ಲೆನ್ಸಿನ ಉಬ್ಬು ಯಾವ ಗೋಳದ ತುಂಡೋ ಆ ಗೋಳದ ತ್ರಿಜ್ಯ, ಗುರುತು R. ಅದೇ R ಮುಂದೆ ನನ್ನನ್ನ ಮೂರು ವಾರ ಕಾಡ್ತು, ಆ ಕಥೆನೇ ಹೇಳ್ತೀನಿ.

ನ್ಯೂಟನ್ಸ್ ರಿಂಗ್ಸ್ ಪ್ರಯೋಗ, ಅಂದ್ರೆ ಗ್ಲಾಸಿನ ಮೇಲೆ ಉಬ್ಬಿದ ಲೆನ್ಸ್ ಇಟ್ಟು ಸೋಡಿಯಂ ಬೆಳಕು ಬಿಟ್ರೆ ಕಾಣೋ ಉಂಗುರಗಳನ್ನ ಮೈಕ್ರೋಸ್ಕೋಪಲ್ಲಿ ಅಳೆದು, ಆ ಬೆಳಕಿನ ವೇವ್‌ಲೆಂತ್ (ತರಂಗಾಂತರ) ಲೆಕ್ಕ ಹಾಕೋದು. ಲ್ಯಾಬಲ್ಲಿ ಇದ್ದಿದ್ದು ಒಂದೇ ಸೋಡಿಯಂ ಲ್ಯಾಂಪು, ಹಚ್ಚಿದ ತಕ್ಷಣ ಗುಲಾಬಿ ಬಣ್ಣಕ್ಕಿರುತ್ತೆ, ಪೂರ್ತಿ ಹಳದಿ ಆಗೋಕೆ ಹತ್ತು ನಿಮಿಷ, ಅಷ್ಟರಲ್ಲಿ ಕರೆಂಟ್ ಹೋದ್ರೆ ಮತ್ತೆ ಮೊದಲಿಂದ. ಅಟೆಂಡರ್ ಅಣ್ಣ ಬಾಗ್ಲು ಹಾಕೋ ಟೈಮಿಗೂ "ನಡೀಲಿ ನಡೀಲಿ, ನಾನಿರ್ತೀನಿ" ಅನ್ನೋರು. ಅವರಿಲ್ದಿದ್ರೆ ನನ್ನ ಪ್ರಯೋಗ ಮುಗೀತಾನೇ ಇರ್ಲಿಲ್ಲ.

10ನೇ ಮತ್ತು 20ನೇ ರಿಂಗಿನ ವ್ಯಾಸದ ವರ್ಗಗಳ ವ್ಯತ್ಯಾಸ ನಂಗೆ 0.256 ಚದರ ಸೆಂ.ಮೀ. ಬಂತು. ಲೆನ್ಸ್ ಡಬ್ಬಿ ಮೇಲೆ ಪೇಂಟಲ್ಲಿ R = 100 ಸೆಂ.ಮೀ. ಅಂತ ಬರ್ದಿತ್ತು. ಫಾರ್ಮುಲಾಕ್ಕೆ (ಆ ವ್ಯತ್ಯಾಸವನ್ನ 4 × R × 10ರಿಂದ ಭಾಗಿಸೋದು) ಹಾಕಿ ನೋಡಿದ್ರೆ ವೇವ್‌ಲೆಂತ್ 6400 ಆಂಗ್‌ಸ್ಟ್ರಾಂ. ಸೋಡಿಯಂ ಬೆಳಕಿಗೆ ಬರಬೇಕಾಗಿದ್ದು 5893 (ಆಂಗ್‌ಸ್ಟ್ರಾಂ ಅಂದ್ರೆ ಸೆಂ.ಮೀ.ನ ಹತ್ತು ಕೋಟಿಯಲ್ಲಿ ಒಂದು ಭಾಗ). ಸೀನಿಯರ್‌ಗಳ ರೆಕಾರ್ಡ್ ತೆಗ್ದು ನೋಡ್ದೆ, ಎಲ್ಲರದ್ದೂ 5890 ಆಸುಪಾಸು, ಒಂದಕ್ಕಿಂತ ಒಂದು ಚೆಂದ. "ರೀಡಿಂಗ್ ಅಡ್ಜಸ್ಟ್ ಮಾಡ್ಕೊಳೋ, ಎಲ್ಲರೂ ಹಿಂಗೇ ಮಾಡೋದು" ಅಂದ ಪಕ್ಕದವನು. ಸುಳ್ಳು ಯಾಕೆ, ನಾನೂ ಅಲ್ಲೀವರೆಗೂ ಮೂರ್ನಾಲ್ಕು ಪ್ರಯೋಗಕ್ಕೆ ಹಂಗೇ ಮಾಡಿದ್ದೆ.

ಈ ಸಲ ಮಾತ್ರ ಯಾಕೋ ಹಠ ಬಂತು. ಮೊದಲು ಮೈಕ್ರೋಸ್ಕೋಪ್ ಮೇಲೆ ಅನುಮಾನ ಬಂತು, ಸ್ಕ್ರೂ ಹಿಂದೆ ಮುಂದೆ ತಿರುಗಿಸಿದ್ರೆ ಬ್ಯಾಕ್‌ಲ್ಯಾಶ್ ಬರುತ್ತಲ್ಲ (ದಿಕ್ಕು ಬದಲಿಸಿದಾಗ ಸ್ಕ್ರೂ ಸ್ವಲ್ಪ ಸುಮ್ನೆ ತಿರುಗೋದು), ಅದಕ್ಕೆ ಎಡಗಡೆ 20ನೇ ರಿಂಗಿಗಿಂತ ಸ್ವಲ್ಪ ಆಚೆಯಿಂದ ಶುರು ಮಾಡಿ ಬಲಗಡೆ 20ರ ತನಕ ಒಂದೇ ದಿಕ್ಕಲ್ಲಿ ತಿರುಗಿಸ್ಕೊಂಡು ಬಂದೆ, ಎಣಿಕೆ ತಪ್ಪಿದ್ರೆ ಮತ್ತೆ ಮೊದಲಿಂದ, ಕಣ್ಣಲ್ಲಿ ನೀರು ಬರ್ತಿತ್ತು. ಆದ್ರೂ 6400 ಹತ್ರನೇ. ಆಮೇಲೆ ನೋಡಿದ್ರೆ ನಡುವಿನ ಚುಕ್ಕೆ ಕಪ್ಪಗಿರೋ ಬದಲು ಬೆಳ್ಳಗಿದೆ, ಸಿಕ್ತು ಕಳ್ಳ ಅನ್ಕೊಂಡೆ. ಫಿಸಿಕ್ಸ್ ಮೇಡಂ ನಕ್ಕು, "ಅದು ಧೂಳು ಕಣಪ್ಪ, ಲೆನ್ಸು ಗ್ಲಾಸಿಗೆ ಸರಿಯಾಗಿ ಮುಟ್ಟಿಲ್ಲ. ಎರಡು ರಿಂಗಿನ ವ್ಯತ್ಯಾಸ ತಗೊಳ್ಳೋದೇ ಅದಕ್ಕೆ, ಕಳೆದಾಗ ಆ ತಪ್ಪು ಹೋಗ್ಬಿಡುತ್ತೆ" ಅಂದ್ರು. ಎರಡು ವರ್ಷ ಬಾಯಿಪಾಠ ಮಾಡಿದ್ದ ಫಾರ್ಮುಲಾದಲ್ಲಿ ಆ ಮೈನಸ್ ಯಾಕಿದೆ ಅಂತ ಅವತ್ತು ಗೊತ್ತಾಯ್ತು.

ಉಳಿದಿದ್ದು R ಒಂದೇ. ಸ್ಫೆರೋಮೀಟರ್ (ಲೆನ್ಸಿನ ಉಬ್ಬು ಅಳೆಯೋ ಮೂರು ಕಾಲಿನ ಸಾಧನ) ತಗೊಂಡೆ, ಕಾಲುಗಳ ಅಂತರ 4 ಸೆಂ.ಮೀ., ಹತ್ತು ಸಲ ಅಳೆದ್ರೆ ಎತ್ತರದ ಸರಾಸರಿ 0.246 ಮಿ.ಮೀ. ಬಂತು. ಅಂದ್ರೆ R 108 ಚಿಲ್ರೆ! ಯಾವ ಕಾಲದಲ್ಲೋ ಲೆನ್ಸ್ ಒಡೆದು ಬೇರೆ ತಂದಿರ್ಬೇಕು, ಡಬ್ಬಿ ಮಾತ್ರ ಹಳೇದೇ. ಹೊಸ R ಹಾಕಿದ್ರೆ 5900ರ ಹತ್ರ ಬಂತು. ಆದ್ರೆ ಸ್ಫೆರೋಮೀಟರಲ್ಲಿ ಒಂದು ಡಿವಿಷನ್ ಅಂದ್ರೆ 0.01 ಮಿ.ಮೀ., ಅಷ್ಟು ಹೆಚ್ಚುಕಮ್ಮಿ ಆದ್ರೂ R ನಾಲ್ಕು ಸೆಂ.ಮೀ. ಜಾರುತ್ತೆ, ಹಾಗಾಗಿ ಅಷ್ಟು ಹತ್ರ ಬಂದಿದ್ರಲ್ಲಿ ಅದೃಷ್ಟದ ಪಾಲೂ ಇತ್ತು. ಇದನ್ನೂ ರೆಕಾರ್ಡಲ್ಲಿ ಬರ್ದೆ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಹೊರಗಿಂದ ಬಂದ ಎಕ್ಸ್‌ಟರ್ನಲ್ ಸರ್ ಆ ಪೇಜಲ್ಲೇ ನಿಂತ್ರು, ಬೇರೆ ಏನೂ ಕೇಳ್ಲಿಲ್ಲ.

ದೊಡ್ಡ ಕಾಲೇಜಲ್ಲಿ ಒಂದು ಸೆಟ್‌ಗೆ ಮೂರು ಗಂಟೆ ಸಿಕ್ಕಿದ್ರೆ ಪುಣ್ಯ, ನಂಗೆ ಮೂರು ವಾರ ಸಿಕ್ತು. ಎಂಎಸ್ಸಿ ಪ್ರವೇಶ ಪರೀಕ್ಷೆ ಐಐಟಿ ಜಾಮ್‌ಗೆ ಓದೋವಾಗ್ಲೂ ಉತ್ತರ ಯಾಕೆ ಸರಿ ಬರ್ಲಿಲ್ಲ ಅಂತ ಕೆದಕೋ ಈ ಚಾಳಿ ಉಪಯೋಗಕ್ಕೆ ಬಂತು, ಅಲ್ಲಿ 60 ಪ್ರಶ್ನೆಲಿ 20ಕ್ಕೆ ಆಪ್ಷನ್ನೇ ಇರಲ್ಲ, ಸಂಖ್ಯೆ ನಾವೇ ಟೈಪ್ ಮಾಡ್ಬೇಕು. ಕ್ವಾಂಟಮ್ ಮಾತ್ರ ನಮ್ಮಲ್ಲಿ ಪಾಠನೇ ಸರಿಯಾಗಿ ಆಗ್ಲಿಲ್ಲ, ಗೆಸ್ಟ್ ಲೆಕ್ಚರರ್ ಬರೋದೇ ತಡ ಆಯ್ತು, ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ಪಾಠ) ವಿಡಿಯೋ ನೋಡ್ಕೊಂಡು ಹೆಂಗೋ ದಾಟಿದೆ.

ಡಬ್ಬಿ ಮೇಲಿನ 100 ಅಳಿಸಿ 108 ಬರೀಲಾ ಅಂತ ಮೇಡಂನ ಕೇಳಿದ್ದೆ. "ಬೇಡ, ಹಂಗೇ ಇರ್ಲಿ ಬಿಡು" ಅಂದ್ರು.