ಒಲೆ ಹೂಡುವ ಮೊದಲು ಹೊಗೆಯ ದಾರಿ ನೋಡಿ

ಮನೆಮನೆಗೂ ಗ್ಯಾಸ್ ಬಂದರೂ ನಮ್ಮ ಗದಗ ಕಡೆ ಹಿತ್ತಲಲ್ಲೊಂದು ಕಟ್ಟಿಗೆ ಒಲೆ ಬೇಕು ಅನ್ನುವವರು ಇದ್ದೇ ಇದ್ದಾರೆ. ಕಾರಣ ರೊಟ್ಟಿ. ದೊಡ್ಡ ಹಂಚು ಅಂಚಿನವರೆಗೂ ಕಾಯಬೇಕಾದರೆ ಉರಿ ಅಗಲವಾಗಿರಬೇಕು, ಅಲ್ವಾ? ಆದರೆ ಮೂರು ಕಲ್ಲಿಟ್ಟು ಒಲೆ ಆಯಿತು ಅನ್ನಬೇಡಿ. ಆ ಹೊಗೆ ಕುಡಿಯುವವರು ಮನೆಯ ಹೆಣ್ಣುಮಕ್ಕಳೇ.

ಮೊದಲು ಹೊಗೆಕೊಳವೆಯ ಜಾಗ ಗೊತ್ತುಮಾಡಿ, ಒಲೆಯ ಜಾಗ ಆಮೇಲೆ. ಮಾಳಿಗೆ ಮನೆಯಾದರೆ ತೊಲೆ, ಜಂತಿಗಳ ಹತ್ತಿರ ಕೊಳವೆ ಹಾಯಿಸಲೇಬೇಡಿ. ಗೋಡೆಯಿಂದ ಹೊರಗೆ ತಂದು ಮೇಲೆ ಏರಿಸುವುದು ವಾಸಿ. ಮಾಳಿಗೆ ಅಂಚಿನ ಮೋಟುಗೋಡೆ, ಅಂದರೆ ಕುಂಬಿಗಿಂತ ಎರಡು ಮೂರು ಅಡಿ ಎತ್ತರ ಹೋಗಲಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ನೋಡಿ! ಕೊಳವೆ ಗಿಡ್ಡವಾದರೆ ಆಷಾಢದ ಗಾಳಿ ಹೊಗೆಯನ್ನು ತಿರುಗಿ ಒಳಗೇ ನೂಕುತ್ತದೆ. ಹಳೆ ಆಸ್ಬೆಸ್ಟಾಸ್ ಪೈಪು ಪುಕ್ಕಟೆ ಸಿಕ್ಕರೂ ಬೇಡ, ಕತ್ತರಿಸುವಾಗ ಏಳುವ ಧೂಳು ಎದೆಗೆ ಕೆಟ್ಟದ್ದು.

ಬರೀ ಎರೆಮಣ್ಣಿನಲ್ಲಿ ಕಟ್ಟಿದರೆ ಒಣಗುವಾಗಲೇ ಬಿರುಕು ಬಿಡುತ್ತದೆ. ಕೆಂಪು ಮಣ್ಣಿಗೆ ಹೊಟ್ಟು, ಸಗಣಿ ಸೇರಿಸಿ ಚೆನ್ನಾಗಿ ತುಳಿಯಿರಿ, ಕಟ್ಟಿದ್ದನ್ನು ನೆರಳಲ್ಲೇ ಒಣಗಿಸಿ. ಒಳಗೊಂದು ಕಬ್ಬಿಣದ ಜಾಳಿಗೆ ಕೂರಿಸಿ, ಕೆಳಗಿನಿಂದ ಗಾಳಿ ಆಡಿದರೆ ಊದುಗೊಳವೆಗೆ ಕೆಲಸ ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಹಳ್ಳಿಗಳಿಗೆ ಕೊಟ್ಟ ಅಸ್ತ್ರ ಒಲೆಯಲ್ಲೂ ಜಾಳಿಗೆ, ಹೊಗೆಕೊಳವೆ ಎರಡೂ ಇದ್ದವು. ಅದರಲ್ಲಿ ಸಾಲಾಗಿ ಮೂರು ಪಾತ್ರೆ ಕೂರುತ್ತಿದ್ದವು. ಮುಂದಿನದಕ್ಕೆ ರೊಟ್ಟಿ, ನಡುವಿನದಕ್ಕೆ ಪಲ್ಯ, ಹಿಂದಿನದರಲ್ಲಿ ನೀರು ತಾನೇ ಕಾಯುತ್ತದೆ. ಪಾತ್ರೆ ಇಡದ ಬಾಯಿಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಹೊಗೆ ಅಲ್ಲೇ ಏಳುತ್ತದೆ.

ಕಟ್ಟಿಗೆಗೂ ಗುಣ ಇದೆ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಭಗ್ಗನೆ ಹೊತ್ತುತ್ತವೆ, ಅಷ್ಟೇ ಬೇಗ ಮುಗಿಯುತ್ತವೆ. ಒಲೆ ಹೊತ್ತಿಸಲು ಮತ್ತು ಹಂಚು ಬೇಗ ಕಾಯಲು ಅವು ಬೇಕು. ಆಮೇಲೆ ಜಾಲಿ ಹಾಕಿ, ಕೆಂಡ ನಿಲ್ಲುತ್ತದೆ. ರೊಟ್ಟಿಗೆ ನೀರು ಸವರಿ ಹಂಚಿನ ಮೇಲೆ ಎರಡೂ ಮಗ್ಗಲು ಬೇಯಿಸಿ, ಆ ಕೆಂಡ ಒಲೆಬಾಯಿಗೆ ಎಳೆದು ಅದರ ಮುಂದೆ ರೊಟ್ಟಿ ನಿಲ್ಲಿಸಿ. ಪೂರಾ ಉಬ್ಬುತ್ತದೆ. ಹಾಲು ಕಾಯಿಸಲು ಸಗಣಿಯ ಕುಳ್ಳೇ (ಬೆರಣಿ) ಸರಿ, ಸಣ್ಣ ಉರಿ, ಕೆನೆ ದಪ್ಪ. ಹಾವೇರಿ ಕಡೆಯವರು ಗೋವಿನಜೋಳದ ಬೆಂಡನ್ನೂ ಒಟ್ಟುತ್ತಾರೆ. ಪ್ಲಾಸ್ಟಿಕ್ ಚೀಲ ಹಾಕಿ ಬೆಂಕಿ ಹೊತ್ತಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಒಣಗಿದೆಯೋ ಇಲ್ಲವೋ ತಿಳಿಯಲು ಎರಡು ತುಂಡು ಬಡಿದು ನೋಡಿ. ಟಣ್ ಅಂದರೆ ಒಣಗಿದೆ, ಧಪ್ ಅಂದರೆ ಇನ್ನೂ ಹಸಿ. ಉರಿಯುವಾಗ ತುದಿಯಲ್ಲಿ ನೊರೆ ಬಂದು ಸುಂಯ್ ಅಂದರೂ ಹಸಿಯೇ, ಎಳೆದು ಹೊರಗಿಡಿ. ಹಸಿಕಟ್ಟಿಗೆಯ ಜಿಗಟು ಮಸಿ ಕೊಳವೆಗೆ ಅಂಟಿಕೊಂಡು ಒಂದು ದಿನ ಅದಕ್ಕೇ ಬೆಂಕಿ ಹಿಡಿಯುತ್ತದೆ. ತಿಂಗಳಿಗೊಮ್ಮೆ ಬಿದಿರು ಗಳಕ್ಕೆ ಗೋಣಿ ಸುತ್ತಿ ಕೊಳವೆ ತಿಕ್ಕಿ. ಪಾತ್ರೆಯ ತಳಕ್ಕೆ ತೆಳ್ಳಗೆ ಮಣ್ಣು ಬಳಿದು ಒಲೆಗಿಟ್ಟರೆ ತಿಕ್ಕುವಾಗ ಮಸಿ ಮಣ್ಣಿನ ಜೊತೆಗೇ ಹೋಗುತ್ತದೆ. ಕಟ್ಟಿಗೆ ಒಟ್ಟಿಲಿಗೆ ಕೈ ಹಾಕುವ ಮೊದಲು ಕೋಲಿನಿಂದ ಬಡಿಯಿರಿ, ಚೇಳು ಇರುತ್ತವೆ.

ಚಳಿ ಅಂತ ಕೆಂಡ ತಂದು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕಬೇಡಿ, ಅದರ ಗಾಳಿ ವಿಷ. ಬೂದಿಯನ್ನೂ ಮರುದಿನವೇ ತೆಗೆಯಿರಿ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಇರಬಹುದು. ನೀರು ಚಿಮುಕಿಸಿ, ಬಣವೆಯಿಂದ ದೂರ ತಿಪ್ಪೆಗೆ ಹಾಕಿ.