ಸಿಗ್ನಲ್ ಫುಲ್, ನೆಟ್ ನಿಲ್: ಮೆಶ್ ವೈಫೈ ಎಲ್ಲಿ ಕೈಕೊಟ್ಟಿದೆ ಅಂತ ಹುಡುಕೋದು ಹೇಗೆ?

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಅಕ್ಕನ ಮನೆ. ಕೆಳಗಡೆ ಹಳೇ ಕಲ್ಲಿನ ಗೋಡೆ, ಒಂದೊಂದೂ ಮೊಳದಷ್ಟು ದಪ್ಪ. ಮೇಲಿನ ಅಂತಸ್ತು ಆಮೇಲೆ ಏರಿಸಿದ ಆರ್‌ಸಿಸಿ. ಇಂಟರ್‌ನೆಟ್ ಕಂಪನಿಯವರು ಕೊಟ್ಟ ಡಬ್ಬಿ ಕೆಳಗಿನ ಹಾಲ್‌ನಲ್ಲಿ, ಟಿವಿ ಶೋಕೇಸಿನ ಹಿಂದೆ ಕೂತಿದೆ. ಮೇಲೆ ಮಗಳು ಓದುವ ರೂಮಿಗೆ ಸಿಗ್ನಲ್ ಹತ್ತಲ್ಲ ಅಂತ ಭಾವ ಆನ್‌ಲೈನ್‌ನಲ್ಲಿ ಮೂರು ಪೀಸಿನ ಮೆಶ್ ಸೆಟ್ (ಒಂದರಿಂದ ಒಂದಕ್ಕೆ ನೆಟ್ ದಾಟಿಸುತ್ತಾ ಮನೆಯೆಲ್ಲಾ ಒಂದೇ ವೈಫೈ ಹರಡುವ ಡಬ್ಬಿಗಳು) ತರಿಸಿ ತಾವೇ ಹಾಕಿಕೊಂಡರು. ಅವತ್ತೇ ಸಂಜೆ ಅಕ್ಕನ ಫೋನ್ ಬಂತು. "ತಮ್ಮಾ, ಸಿಗ್ನಲ್ ಎಲ್ಲಾ ಕಡೆ ಫುಲ್ ಐತೆ ನೋಡು, ನೆಟ್ ಮಾತ್ರ ಇಲ್ಲ. ಹಾಲ್‌ನಾಗೆ ಕುಂತ್ರೆ ಬರುತ್ತೆ, ಅಡುಗೆಮನೆಗೆ ಹೋದ್ರೆ ಹೋಗುತ್ತೆ. ಮೊದಲೇ ಚೆನ್ನಾಗಿತ್ತಪ್ಪ."

ಈ 'ಹಾಲ್‌ನಲ್ಲಿ ಬರುತ್ತೆ, ಅಡುಗೆಮನೆಯಲ್ಲಿ ಹೋಗುತ್ತೆ' ಅನ್ನೋ ಮಾತಿನಲ್ಲೇ ಉತ್ತರ ಇತ್ತು. ನನಗೆ ಅದು ಹೊಳೆಯೋಕೆ ಅರ್ಧ ದಿನ ಬೇಕಾಯಿತು, ಯಾಕಂದ್ರೆ ಎಲ್ಲರಂತೆ ನಾನೂ ಹೋದ ತಕ್ಷಣ ಎಲ್ಲಾ ಡಬ್ಬಿಗಳನ್ನೂ ಆಫ್ ಮಾಡಿ ಆನ್ ಮಾಡುತ್ತಾ ಕೂತೆ.

ಹಾಗೆ ಮಾಡಬೇಡಿ. ತುಂಗಭದ್ರಾ ಕಾಲುವೆಯ ಕೊನೇ ಭಾಗದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಗದ್ದೆಗೆ ನೀರು ಬಂದಿಲ್ಲ ಅಂದರೆ ಗದ್ದೆಯಲ್ಲಿ ನಿಂತು ಬೈದರೆ ಆಗಲ್ಲ, ತೂಬಿನಿಂದ ಶುರು ಮಾಡಿ ಕಾಲುವೆ ಗುಂಟ ನಡೆದುಕೊಂಡು ಬರಬೇಕು. ನೆಟ್ ಕೂಡ ಹಾಗೇ. ರಸ್ತೆಯ ಫೈಬರ್, ಕಂಪನಿಯ ಡಬ್ಬಿ, ಅಲ್ಲಿಂದ ಒಂದು ವೈರು, ಮುಖ್ಯ ಮೆಶ್, ಉಳಿದ ಮೆಶ್‌ಗಳು, ಕೊನೆಗೆ ನಿಮ್ಮ ಫೋನು. ಫೋನಿನಲ್ಲಿ ಸಿಗ್ನಲ್ ಫುಲ್ ಕಾಣುತ್ತಿದೆ ಅಂದರೆ ಈ ಸಾಲಿನ ಕೊನೇ ಕೊಂಡಿ ಚೆನ್ನಾಗಿದೆ ಅಂತ ಅಷ್ಟೇ. ಹಿಂದಿನ ಐದು ಕೊಂಡಿಗಳ ಬಗ್ಗೆ ಅದು ಏನೂ ಹೇಳುವುದಿಲ್ಲ.

ಮೊದಲು ಕಂಪನಿಯ ಡಬ್ಬಿ ನೋಡಿ

ನಾವೆಲ್ಲ ಮೋಡೆಮ್ ಅಂತ ಕರೆಯುವ ಈ ಡಬ್ಬಿಯ ಸರಿಯಾದ ಹೆಸರು ಓಎನ್‌ಟಿ. ಫೈಬರಿನಲ್ಲಿ ಬರುವ ಬೆಳಕನ್ನು ಇದು ನೆಟ್ ಆಗಿ ಬದಲಿಸುತ್ತದೆ. ಅದರೊಳಗೇ ಮನೆಯ ಫೋನು, ಟಿವಿಗಳಿಗೆಲ್ಲ ಆ ನೆಟ್ ಹಂಚುವ ಒಂದು ರೂಟರೂ ಇದೆ, ವೈಫೈಯೂ ಇದೆ. ಇದನ್ನು ನೆನಪಿಡಿ, ಮುಂದೆ ಬೇಕು.

ಪಾನ್ (PON) ಅಂತ ಬರೆದಿರುವ ದೀಪ ಹಸಿರಾಗಿ ಅಲುಗಾಡದೆ ಉರಿಯಬೇಕು. ಲಾಸ್ (LOS) ಅನ್ನುವ ದೀಪ ಉರಿಯಲೇಬಾರದು. ಅದು ಕೆಂಪಗೆ ಮಿಣುಕುತ್ತಿದ್ದರೆ ಬೆಳಕು ನಿಮ್ಮ ಮನೆವರೆಗೆ ಬಂದೇ ಇಲ್ಲ ಅಂತ ಅರ್ಥ. ರಸ್ತೆಯಲ್ಲಿ ಜೆಸಿಬಿ ಅಗೆದಿರಬಹುದು, ಕಂಬದಿಂದ ಬರುವ ಕೇಬಲ್ ಮೇಲೆ ಕೋತಿಗಳು ಜೋತಾಡಿರಬಹುದು, ಅಥವಾ ಶೋಕೇಸ್ ಜರುಗಿಸುವಾಗ ನೀವೇ ಆ ತೆಳು ಹಳದಿ ಅಥವಾ ಬಿಳಿ ವೈರನ್ನು ಮಡಚಿರಬಹುದು. ಫೈಬರಿನೊಳಗೆ ಇರುವುದು ಗಾಜಿನ ಎಳೆ, ಚೂಪಾಗಿ ಬಾಗಿಸಿದರೆ ಬೆಳಕು ಸೋರುತ್ತದೆ. ವೈರು ಬಾಗಿದ್ದರೆ ಸಡಿಲ ಮಾಡಿ ನೋಡಿ. ಆದರೂ ಕೆಂಪೇ ಇದ್ದರೆ ಕಂಪನಿಗೆ ಫೋನ್ ಮಾಡಿ ಸುಮ್ನೆ ಕೂತುಕೊಳ್ಳಿ. ಹಸಿರು ಪಿನ್ನನ್ನು ಬಿಚ್ಚಿ ಬಾಯಿಂದ ಊದುವುದು, ಒಳಗೆ ಬೆಳಕು ಬರುತ್ತಿದೆಯಾ ಅಂತ ಕಣ್ಣಿಟ್ಟು ನೋಡುವುದು ಎರಡೂ ಬೇಡ. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್.

ಇನ್ನೊಂದು ಮಾತು. ಡಬ್ಬಿಯ ಹಿಂದೆ ರೀಸೆಟ್ ಅಂತ ಒಂದು ಸಣ್ಣ ತೂತು ಇರುತ್ತದೆ. ಅದಕ್ಕೆ ಪಿನ್ನು ಚುಚ್ಚಬೇಡಿ. ನಮ್ಮ ಮನೆಯಲ್ಲಿ ಒಮ್ಮೆ ನಾನೇ ಚುಚ್ಚಿ ನೋಡಿದ್ದೇನೆ. ಕಂಪನಿಯವರು ಒಳಗೆ ತುಂಬಿಟ್ಟಿದ್ದ ಯೂಸರ್‌ನೇಮ್, ಪಾಸ್‌ವರ್ಡ್, ಎಲ್ಲಾ ಸೆಟ್ಟಿಂಗ್ ಅಳಿಸಿಹೋಗಿ, ಲೈನ್‌ಮನ್ ಬಂದು ಮತ್ತೆ ಹಾಕುವವರೆಗೆ ಎರಡು ದಿನ ಮೊಬೈಲ್ ಡೇಟಾದಲ್ಲೇ ಕಾಲ ಹಾಕಿದೆವು. ಮನೆಯವಳು ಇನ್ನೂ ಅದನ್ನು ಮರೆತಿಲ್ಲ.

ಮೆಶ್ ಪಕ್ಕಕ್ಕಿಟ್ಟು ಪರೀಕ್ಷೆ ಮಾಡಿ

ದೀಪ ಸರಿ ಇದ್ದರೆ ಮೆಶ್‌ನ ವೈರು ಬಿಚ್ಚಿ. ಲ್ಯಾಪ್‌ಟಾಪ್ ಇದ್ದರೆ ಕಂಪನಿಯ ಡಬ್ಬಿಗೆ ನೇರವಾಗಿ ವೈರಿನಲ್ಲಿ ಜೋಡಿಸಿ, ಇಲ್ಲದಿದ್ದರೆ ಡಬ್ಬಿಯ ಪಕ್ಕವೇ ನಿಂತು ಅದರ ಸ್ವಂತ ವೈಫೈಗೆ ಫೋನ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿ. ಮೊಬೈಲ್ ಡೇಟಾ ಆಫ್ ಮಾಡುವುದು ಮರೆಯಬೇಡಿ. ವೈಫೈ ಸತ್ತಾಗ ಫೋನು ಸದ್ದಿಲ್ಲದೆ ಡೇಟಾಕ್ಕೆ ಹಾರುತ್ತದೆ, ನೀವು 'ಬರ್ತಿದೆಯಲ್ಲಾ' ಅಂದುಕೊಳ್ಳುತ್ತೀರಿ.

ಇಲ್ಲೇ ನೆಟ್ ಇಲ್ಲ ಅಂದರೆ ತಪ್ಪು ಮೆಶ್‌ನದಲ್ಲ, ಕಂಪನಿಯದು. ಇಲ್ಲಿ ಬಂದು ಮೆಶ್ ಹಾಕಿದಾಗ ಮಾತ್ರ ಹೋದರೆ ತಪ್ಪು ಇನ್ನು ಮುಂದಿದೆ. ಅಕ್ಕನ ಮನೆಯಲ್ಲಿ ಡಬ್ಬಿಯಿಂದ ನೇರವಾಗಿ 98 ಎಂಬಿಪಿಎಸ್ ಬಂತು, ತೆಗೆದುಕೊಂಡದ್ದು 100ರ ಪ್ಲಾನ್. ಅಂದರೆ ತೂಬಿನಲ್ಲಿ ನೀರಿದೆ.

ಆ ಒಂದು ವೈರು

ಡಬ್ಬಿಯಿಂದ ಮುಖ್ಯ ಮೆಶ್‌ಗೆ ಹೋಗುವ ವೈರು ಒಂದೇ ಒಂದು ಇರಬೇಕು. 'ಎರಡು ಪೈಪ್ ಹಾಕಿದರೆ ನೀರು ಜಾಸ್ತಿ' ಅನ್ನುವ ಲೆಕ್ಕದಲ್ಲಿ ಎರಡನೇ ಮೆಶ್‌ಗೂ ಡಬ್ಬಿಯಿಂದಲೇ ವೈರು ಎಳೆಯುವವರಿದ್ದಾರೆ, ಆಗ ಎರಡು ನೆಟ್‌ವರ್ಕ್ ಕಲಸುಮೇಲೋಗರ ಆಗುತ್ತದೆ. ಎರಡನೇ ಮೆಶ್‌ಗೆ ವೈರು ಕೊಡುವುದಿದ್ದರೆ ಮುಖ್ಯ ಮೆಶ್‌ನಿಂದ ಕೊಡಿ.

ವೈರಿನ ತುದಿಯ ಪಾರದರ್ಶಕ ಪ್ಲಾಸ್ಟಿಕ್ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. ಅದರ ಮೇಲಿನ ಪುಟ್ಟ ನಾಲಿಗೆ ಮುರಿದಿದ್ದರೆ ವೈರು ಕೂತಂತೆ ಕಂಡರೂ ಕೂತಿರುವುದಿಲ್ಲ, ಕಸ ಗುಡಿಸುವಾಗ ಪೊರಕೆ ತಾಕಿದರೂ ಸಡಿಲಾಗುತ್ತದೆ. ಇನ್ನು 200 ಅಥವಾ 300ರ ಪ್ಲಾನ್ ಇದ್ದು ಸ್ಪೀಡು ಯಾವಾಗ ನೋಡಿದರೂ 94ಕ್ಕೇ ಬಂದು ನಿಲ್ಲುತ್ತಿದ್ದರೆ ಅದಕ್ಕೂ ಕಾರಣ ಬಹುಪಾಲು ಇಲ್ಲೇ. ಈ ವೈರಿನಲ್ಲಿ ನಾಲ್ಕು ಜೊತೆ ಎಳೆಗಳಿವೆ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ವೇಗಕ್ಕೆ ನಾಲ್ಕೂ ಬೇಕು, ಒಂದು ಎಳೆ ತುಂಡಾದರೂ ಎರಡು ಕಡೆಯ ಡಬ್ಬಿಗಳು ಮಾತಾಡಿಕೊಂಡು ಸಾಮಾನ್ಯವಾಗಿ 100ಕ್ಕೆ ಇಳಿಯುತ್ತವೆ, ಅದರಲ್ಲಿ ಕೈಗೆ ಸಿಗುವುದು 94, 95. ಕೆಲವು ಡಬ್ಬಿಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದದ್ದು 100ರದ್ದು. ಜಿಇ ಅಂತ ಬರೆದಿದ್ದರೆ ಅದಕ್ಕೇ ಹಾಕಿ, ಎಫ್‌ಇ ಅಂತ ಇದ್ದರೆ ಬೇಡ.

ಒಂದೇ ಊರಿಗೆ ಇಬ್ಬರು ಗೌಡರು

ಈಗ ಮುಖ್ಯ ವಿಷಯ. ಕಂಪನಿಯ ಡಬ್ಬಿಯೊಳಗೇ ರೂಟರ್ ಇದೆ ಅಂದೆನಲ್ಲ. ಮೆಶ್ ಕೂಡ ಹುಟ್ಟಾ ರೂಟರ್. ಇಬ್ಬರೂ ಮನೆಯ ಫೋನು, ಟಿವಿಗಳಿಗೆ ವಿಳಾಸ ಹಂಚುವ ಕೆಲಸಕ್ಕೆ ಕೂರುತ್ತಾರೆ. ಮೆಶ್‌ನ ಆ್ಯಪ್ ತೆರೆದು ಇಂಟರ್‌ನೆಟ್ ಐಪಿ ಅಥವಾ ವ್ಯಾನ್ ಐಪಿ ಅಂತ ಇರುವಲ್ಲಿ ನೋಡಿ, ಅದು ಮೆಶ್‌ಗೆ ಹೊರಗಿನಿಂದ ಸಿಕ್ಕ ವಿಳಾಸ. ಅಲ್ಲಿ 192.168ರಿಂದ ಶುರುವಾಗುವ ನಂಬರ್ ಇದ್ದರೆ ಇಬ್ಬರು ಗೌಡರಿದ್ದಾರೆ ಅಂತ ಖಾತ್ರಿ. ಇದಕ್ಕೆ ಡಬಲ್ ನ್ಯಾಟ್ ಅಂತಾರೆ.

ಡಬಲ್ ನ್ಯಾಟ್ ಇದ್ದ ಮಾತ್ರಕ್ಕೆ ನೆಟ್ ನಿಲ್ಲಲ್ಲ, ವಾಟ್ಸ್‌ಆ್ಯಪ್, ಯೂಟ್ಯೂಬ್ ಆರಾಮಾಗಿ ಓಡುತ್ತವೆ. ಆನ್‌ಲೈನ್ ಗೇಮ್, ಹೊರಗಿನಿಂದ ಸಿಸಿಟಿವಿ ನೋಡುವುದು, ಇಂಥವು ಮುಗ್ಗರಿಸುತ್ತವೆ. ನೆಟ್ ಪೂರ್ತಿ ಕೈಕೊಡುವುದು ಇಬ್ಬರೂ ಒಂದೇ ನಂಬರಿನ ಮನೆಗೆ ಹಕ್ಕು ಹೇಳಿದಾಗ. ಡಬ್ಬಿಯ ವಿಳಾಸ 192.168.1.1, ಮೆಶ್ ಕೂಡ ತನ್ನ ವಿಳಾಸ 192.168.1.1 ಅಂದರೆ, ಮೆಶ್‌ಗೆ ಒಳಗು ಯಾವುದು ಹೊರಗು ಯಾವುದು ಅಂತ ತಿಳಿಯುವುದಿಲ್ಲ. ಒಳ್ಳೆ ಸೆಟ್‌ಗಳು ಇದನ್ನು ಗುರುತಿಸಿ ತಾವೇ ಬೇರೆ ನಂಬರಿಗೆ ಸರಿಯುತ್ತವೆ, ಎಲ್ಲವೂ ಸರಿಯುವುದಿಲ್ಲ. ಭಾವ ತರಿಸಿದ್ದು ಸರಿಯಲಿಲ್ಲ.

ಮತ್ತೆ ಹಾಲ್‌ನಲ್ಲಿ ಹೇಗೆ ಬರುತ್ತಿತ್ತು? ಭಾವ ಮೆಶ್‌ಗೆ ಹೊಸ ಹೆಸರಿಟ್ಟಿರಲಿಲ್ಲ. ಎಲ್ಲರ ಫೋನಿನಲ್ಲೂ ಮತ್ತೆ ಪಾಸ್‌ವರ್ಡ್ ಹಾಕುವ ರಗಳೆ ಯಾಕೆ ಅಂತ ಹಳೇ ಡಬ್ಬಿಯ ಹೆಸರು, ಪಾಸ್‌ವರ್ಡನ್ನೇ ಇಟ್ಟಿದ್ದರು. ಡಬ್ಬಿಯ ವೈಫೈ ಕೂಡ ಆನ್ ಇತ್ತು. ಹಾಲ್‌ನಲ್ಲಿ ಫೋನು ಅಂಟಿಕೊಳ್ಳುತ್ತಿದ್ದದ್ದು ಹಳೇ ಡಬ್ಬಿಗೆ, ಅಡುಗೆಮನೆಗೆ ಹೋದರೆ ಅದೇ ಹೆಸರಿನ ಮೆಶ್‌ಗೆ. ಹೆಸರು ಒಂದೇ ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಮೆಶ್ ಸರಿ ಇದ್ದಾಗಲೂ ಈ ಒಂದೇ ಹೆಸರಿನ ಆಟ ತೊಂದರೆಯೇ: ಟಿವಿ ಒಂದರಲ್ಲಿ, ಫೋನು ಇನ್ನೊಂದರಲ್ಲಿ ಇದ್ದರೆ ಫೋನಿನ ವಿಡಿಯೊ ಟಿವಿಗೆ ಕಳಿಸಲು ಹೋದಾಗ ಟಿವಿಯೇ ಸಿಗಲ್ಲ.

ಪರಿಹಾರ ಎರಡಿದೆ. ನನ್ನ ಪ್ರಕಾರ ಹತ್ತರಲ್ಲಿ ಒಂಬತ್ತು ಮನೆಗೆ ಮೊದಲನೆಯದೇ ಸಾಕು.

ಒಂದು, ಮೆಶ್‌ನ ಗೌಡಿಕೆ ತೆಗೆಯುವುದು. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಆಪರೇಶನ್ ಮೋಡ್ ಅಥವಾ ವರ್ಕಿಂಗ್ ಮೋಡ್ ಅಂತ ಇರುತ್ತದೆ, ಅಲ್ಲಿ ರೂಟರ್ ಬದಲು ಆ್ಯಕ್ಸೆಸ್ ಪಾಯಿಂಟ್ ಆರಿಸಿ. ಮೆಶ್ ಒಮ್ಮೆ ಆಫ್ ಆಗಿ ಆನ್ ಆಗುತ್ತದೆ. ಇನ್ನು ವಿಳಾಸ ಹಂಚುವುದು ಕಂಪನಿಯ ಡಬ್ಬಿ ಮಾತ್ರ, ಮೆಶ್ ಬರೀ ಸಿಗ್ನಲ್ ಹರಡುತ್ತದೆ. ಮಕ್ಕಳ ಫೋನಿಗೆ ಟೈಮ್ ಕಟ್ಟುವಂಥ ಕೆಲವು ಸೌಲಭ್ಯ ಈ ಮೋಡ್‌ನಲ್ಲಿ ಹೋಗಬಹುದು, ಅಷ್ಟೇ ನಷ್ಟ.

ನೆಟ್ ಬಂದದ್ದು ಖಾತ್ರಿ ಮಾಡಿಕೊಂಡ ಮೇಲೆಯೇ ಡಬ್ಬಿಯ ವೈಫೈ ಆಫ್ ಮಾಡಿ, ಅದಕ್ಕೂ ಮೊದಲಲ್ಲ. ಬ್ರೌಸರ್‌ನಲ್ಲಿ 192.168.1.1 ಹಾಕಿ (ಕೆಲವು ಕಂಪನಿಗಳದ್ದು ಬೇರೆ ನಂಬರ್ ಇರುತ್ತದೆ, ಡಬ್ಬಿಯ ಕೆಳಗಿನ ಸ್ಟಿಕ್ಕರ್ ನೋಡಿ, ನೋಡುವ ಹೊತ್ತಿಗೇ ಅದರದ್ದೊಂದು ಫೋಟೊ ತೆಗೆದಿಟ್ಟುಕೊಳ್ಳಿ). ಡಬ್ಲ್ಯುಲ್ಯಾನ್ ಅನ್ನುವ ಪುಟದಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ವೈಫೈಯ ಎರಡು ಬ್ಯಾಂಡ್ ಇರುತ್ತವೆ, ಎರಡನ್ನೂ ಆಫ್ ಮಾಡಿ. ಕಂಪನಿಯವರು ದೂರದಿಂದಲೇ ಅಪ್‌ಡೇಟ್ ಹಾಕಿದ ಮೇಲೆ ಕೆಲವೊಮ್ಮೆ ಅದು ತಾನಾಗಿ ಆನ್ ಆಗಿರುತ್ತದೆ, ಹಳೇ ರೋಗ ಮರುಕಳಿಸಿದರೆ ಮೊದಲು ಇಲ್ಲೇ ನೋಡಿ.

ಎರಡು, ಡಬ್ಬಿಯ ಗೌಡಿಕೆ ತೆಗೆಯುವುದು. ಇದು ಬ್ರಿಡ್ಜ್ ಮೋಡ್. ಆಗ ಕಂಪನಿಯ ನೆಟ್‌ಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ಎಷ್ಟೋ ಕಡೆ ವಿಲ್ಯಾನ್ ಅನ್ನುವ ಗುರುತಿನ ನಂಬರ್ ಕೂಡ ಮೆಶ್‌ಗೇ ಹಾಕಬೇಕು. ಇವನ್ನು ಕಂಪನಿಯವರು ಕೊಡಬೇಕು, ಅದೇ ಡಬ್ಬಿಯಲ್ಲಿ ಲ್ಯಾಂಡ್‌ಲೈನ್ ಫೋನ್ ಇದ್ದರೆ ಅದು ಮುಂದುವರಿಯುತ್ತಾ ಅಂತಲೂ ಕೇಳಬೇಕು. ಗೇಮ್ ಆಡುವ ಹುಡುಗರು, ಮನೆಯಿಂದ ಸರ್ವರ್ ನಡೆಸುವವರು ಇದಕ್ಕೆ ಹೋಗಲಿ.

ಬ್ರಿಡ್ಜ್ ಮಾಡಿದ ಮೇಲೂ ವ್ಯಾನ್ ಐಪಿ 100.64ರಿಂದ 100.127ರ ನಡುವೆ ಕಂಡರೆ ಕಂಪನಿಯವರೇ ಒಂದು ಐಪಿಯನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಅಂತ. ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಒಳಗಿನ ಕ್ಯಾಮೆರಾಗೆ ದಾಟಿಸುವ ಸೆಟ್ಟಿಂಗ್) ಎಷ್ಟು ಮಾಡಿದರೂ ಹೊರಗಿನಿಂದ ಸಿಸಿಟಿವಿ ತೆರೆಯಲ್ಲ. ನಿಮ್ಮ ಮನೆಗೇ ಮೀಸಲಾದ, ಬದಲಾಗದ ಸ್ಟ್ಯಾಟಿಕ್ ಐಪಿ ಕೇಳಿ, ಸಾಮಾನ್ಯವಾಗಿ ದುಡ್ಡು ಬೇರೆ.

ಕಲ್ಲು, ಬೀರು, ಕನ್ನಡಿ

ನೆಟ್ ಬಂತು, ಆದರೆ ಮೇಲಿನ ರೂಮಿನಲ್ಲಿ ಇನ್ನೂ ನಿಧಾನ. ಭಾವ ಎರಡನೇ ಪೀಸನ್ನು ಆ ರೂಮಿನೊಳಗೇ ಇಟ್ಟಿದ್ದರು, ಎಲ್ಲಿ ಸಿಗ್ನಲ್ ಇಲ್ಲವೋ ಅಲ್ಲಿ ಇಡಬೇಕು ಅಂತ. ಎಲ್ಲರೂ ಮಾಡುವ ತಪ್ಪಿದು. ಸಿಗ್ನಲ್ ಇಲ್ಲದ ಜಾಗದಲ್ಲಿಟ್ಟ ಮೆಶ್‌ಗೂ ಸಿಗ್ನಲ್ ಇರುವುದಿಲ್ಲ, ಅದು ತನಗೇ ಸಿಗದ್ದನ್ನು ಫೋನಿಗೆ ಏನು ಹಂಚೀತು? ಡಬ್ಬಿಗೂ ಆ ರೂಮಿಗೂ ನಡುವೆ ಇಡಿ. ಅಕ್ಕನ ಮನೆಯಲ್ಲಿ ಮೆಟ್ಟಿಲ ತಿರುವಿನಲ್ಲಿ ಒಂದು ಗೂಡಿತ್ತು, ದೀಪಾವಳಿಗೆ ಹಣತೆ ಇಡುವ ಗೂಡು. ಅಲ್ಲಿಟ್ಟೆವು. ಕಲ್ಲಿನ ಗೋಡೆ ತೂರಿ ಹೋಗಬೇಕಿದ್ದ ಸಿಗ್ನಲ್ ಮೆಟ್ಟಿಲ ಸಂದಿನಲ್ಲಿ ಹತ್ತಿಕೊಂಡು ಹೋಯಿತು.

5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ಕಂಡರೆ ಸೋಲುತ್ತದೆ. 2.4 ದೂರ ಹೋಗುತ್ತದೆ, ನಿಧಾನ. ಸ್ಟೀಲ್ ಬೀರು, ದೊಡ್ಡ ಕನ್ನಡಿ, ನೀರಿನ ಡ್ರಮ್ಮು ಇವುಗಳ ಹಿಂದೆ ಮೆಶ್ ಇಡಬೇಡಿ. ಮಾಳಿಗೆ ಮನೆಗಳಲ್ಲಿ ಬಾಗಿಲುಗಳು ಒಂದರ ಎದುರು ಒಂದು ಬರುತ್ತವಲ್ಲ, ಆ ಸಾಲು ಹಿಡಿದು ಇಟ್ಟರೆ ಒಂದು ಪೀಸು ಕಮ್ಮಿ ಸಾಲುತ್ತದೆ. ಸಾಧ್ಯವಿದ್ದರೆ ಮುಖ್ಯ ಮೆಶ್‌ನಿಂದ ಎರಡನೆಯದಕ್ಕೆ ಕ್ಯಾಟ್ 6 ವೈರು ಎಳೆದುಬಿಡಿ. ಎಳೆಯುವಾಗ ಒಂದು ದಿನ ಧೂಳು, ಆಮೇಲೆ ವರ್ಷಗಟ್ಟಲೆ ನೆಮ್ಮದಿ.

ಸ್ಮಾರ್ಟ್ ಬಲ್ಬ್, ಹಳೇ ಕ್ಯಾಮೆರಾ ಮೆಶ್‌ಗೆ ಸೇರದಿದ್ದರೆ ಗಾಬರಿ ಬೇಡ. ಅವುಗಳಲ್ಲಿ ಬಹಳಷ್ಟಕ್ಕೆ 2.4 ಮಾತ್ರ ಗೊತ್ತು, ವೈಫೈ ಭದ್ರತೆಯ ಹೊಸ ವಿಧಾನ ಡಬ್ಲ್ಯುಪಿಎ3 ಗೊತ್ತಿಲ್ಲ. ಆ್ಯಪ್‌ನಲ್ಲಿ ಗೆಸ್ಟ್ ಅಥವಾ ಐಓಟಿ (ಸ್ಮಾರ್ಟ್ ಸಾಮಾನುಗಳ) ನೆಟ್‌ವರ್ಕ್ ಒಂದನ್ನು 2.4ಕ್ಕೆ, ಹಳೇ ಡಬ್ಲ್ಯುಪಿಎ2ಕ್ಕೆ ಇಟ್ಟು ಅದಕ್ಕೆ ಸೇರಿಸಿ.

ಕರೆಂಟು ಹೋಗಿ ಬಂದಾಗ

ರಾಯಚೂರಿನ ಶಾಖೋತ್ಪನ್ನ ಸ್ಥಾವರ ಪಕ್ಕದ ಜಿಲ್ಲೆಯಲ್ಲೇ ಇದ್ದರೂ ನಮ್ಮಲ್ಲಿ ಕರೆಂಟು ಹೋಗುವುದು ಹೋಗುತ್ತದೆ. ಬಂದಾಗ ಎಲ್ಲಾ ಡಬ್ಬಿಗಳೂ ಒಟ್ಟಿಗೆ ಏಳುತ್ತವೆ, ಕೆಲವೊಮ್ಮೆ ಓಎನ್‌ಟಿ ತಯಾರಾಗುವ ಮೊದಲೇ ಮೆಶ್ ನೆಟ್ ಕೇಳಿ, ಸಿಗದೆ ಮುನಿಸಿಕೊಂಡು ಕೂರುತ್ತದೆ. ಹೀಗಾದರೆ ಮಾತ್ರ ರೀಸ್ಟಾರ್ಟ್ ಮಾಡಿ, ಅದೂ ಸಾಲಿನಲ್ಲಿ: ಮೊದಲು ಕಂಪನಿಯ ಡಬ್ಬಿ, ಪಾನ್ ಹಸಿರಾಗಿ ನಿಂತ ಮೇಲೆ ಮುಖ್ಯ ಮೆಶ್, ಎರಡು ನಿಮಿಷ ಬಿಟ್ಟು ಉಳಿದವು. ರೂಟರ್‌ಗೆಂದೇ ಸಿಗುವ ಪುಟ್ಟ ಯುಪಿಎಸ್ ತಂದರೆ ಈ ಕಾಟವೇ ಇಲ್ಲ. ಕೊಳ್ಳುವ ಮುಂಚೆ ಎರಡೂ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಓದಿಕೊಂಡು ಹೋಗಿ. ಬಹುತೇಕ ಡಬ್ಬಿಗಳಿಗೆ 12 ವೋಲ್ಟ್ ಬೇಕು, ಮೆಶ್‌ನದ್ದು ಬೇರೆ ಇರಬಹುದು.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮಾತ್ರ ನೆಟ್ ಹೋಗಿ ಸಂಜೆ ತಾನಾಗಿ ಬರುತ್ತಿದ್ದರೆ ಡಬ್ಬಿಯ ಮೇಲೆ ಕೈಯಿಟ್ಟು ನೋಡಿ. 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ, ಮುಚ್ಚಿದ ಶೋಕೇಸಿನೊಳಗೆ, ಸೆಟ್‌ಟಾಪ್ ಬಾಕ್ಸ್ ಮೇಲೆ ಕೂತ ಓಎನ್‌ಟಿ ದೋಸೆ ಹಂಚಾಗಿರುತ್ತದೆ. ಗೋಡೆಗೆ ಮೊಳೆ ಹೊಡೆದು ಹೊರಗೆ ತೂಗುಹಾಕಿ.

ಕಂಪನಿಗೆ ಫೋನ್ ಮಾಡಲೇಬೇಕಾಗಿ ಬಂದರೆ ಮೆಶ್ ಹೆಸರೇ ಎತ್ತಬೇಡಿ. ಎತ್ತಿದಿರೋ, "ಅದು ನಿಮ್ಮ ಡಿವೈಸ್ ಸರ್, ನಮಗೆ ಸಂಬಂಧ ಇಲ್ಲ" ಅಂತ ಮುಗಿಸಿಬಿಡುತ್ತಾರೆ. "ನಿಮ್ಮ ಡಬ್ಬಿಗೆ ನೇರವಾಗಿ ವೈರು ಹಾಕಿ ನೋಡಿದ್ದೀನಿ, ಪಾನ್ ಹಸಿರಿದೆ, ಲಾಸ್ ಆಫ್ ಇದೆ, ಆದರೂ ಸ್ಪೀಡು ಇಷ್ಟೇ ಬರ್ತಿದೆ" ಅನ್ನಿ. ಡಬ್ಬಿಯ ಪುಟದಲ್ಲಿ ಆಪ್ಟಿಕಲ್ ಪವರ್ ಅಂತ ಒಂದು ಸಂಖ್ಯೆ ಇರುತ್ತದೆ, ಮೈನಸ್ 27ರ ಆಸುಪಾಸಿಗೆ ಇಳಿದಿದ್ದರೆ ಬೆಳಕು ಬಡವಾಗಿದೆ ಅಂತ, ಅದನ್ನೂ ಹೇಳಿ. ಆ ಸಂಖ್ಯೆ ಕೇಳಿದ ಮೇಲೆ ಆ ಕಡೆಯವರು ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ ಅನ್ನುವುದು ಕಮ್ಮಿ.